ತಂಡ ಸೋಲ್ತಿದೆ, ದೋಷ ಎಲ್ಲಿದೆ? ದಾವಣಗೆರೆಯ ಫುಟ್‌ಬಾಲ್ ಅಭಿಮಾನಿಗಳಿಗೆ ದೋಷ ನಿವಾರಣೆ ಕೈಪಿಡಿ

ದೂರು: ತಂಡ ಸತತ ಸೋಲುತ್ತಿದೆ. ಪಿ.ಜೆ. ಬಡಾವಣೆಯ ಚಹಾ ಅಂಗಡಿಯಿಂದ ವಿದ್ಯಾನಗರದ ಹಾಸ್ಟೆಲ್ ರೂಮಿನವರೆಗೆ ಸೋಮವಾರ ಬೆಳಿಗ್ಗೆ ಎಲ್ಲರೂ ಬರೆದುಕೊಡುವ ಚೀಟಿ ಒಂದೇ: "ಮೊದ್ಲು ಆ ಕೋಚ್‌ನ ತೆಗೀರಿ."

ಕೆಲವು ಸಲ ಆ ಚೀಟಿ ಸರಿಯಾಗಿಯೇ ಇರುತ್ತದೆ. ಆದರೆ ತಪಾಸಣೆ ಇಲ್ಲದೆ ಬರೆದ ಚೀಟಿಯ ಗತಿ ಏನಾಗುತ್ತದೆ ಎಂಬುದಕ್ಕೆ ಮ್ಯಾಂಚೆಸ್ಟರ್ ಯುನೈಟೆಡ್ ನೋಡಿ. 2013ರಲ್ಲಿ ಕೋಚ್ ಫರ್ಗ್ಯುಸನ್ ನಿವೃತ್ತರಾದ ಮೇಲೆ ಮೊಯೆಸ್, ವಾನ್ ಗಾಲ್, ಮೊರಿನ್ಯೋ, ಸೋಲ್ಷೇರ್, ರಾಂಗ್ನಿಕ್, ಟೆನ್ ಹಾಗ್, ಅಮೋರಿಮ್ ಒಬ್ಬರಾದ ಮೇಲೊಬ್ಬರು ಬಂದರು. 2024–25ರ ಋತು ಮುಗಿದಾಗ 42 ಅಂಕ, 15ನೇ ಸ್ಥಾನ. (ಹತ್ತಿ ಗಿರಣಿಗಳ ಕಾಲದಲ್ಲಿ 'ಕರ್ನಾಟಕದ ಮ್ಯಾಂಚೆಸ್ಟರ್' ಅನ್ನಿಸಿಕೊಂಡಿದ್ದ ನಮ್ಮೂರಿಗೆ ಈ ಕುಸಿತ ಹೊಸದಲ್ಲ ಬಿಡಿ, ಗಿರಣಿ ಮುಚ್ಚಿದ್ದು ಮ್ಯಾನೇಜರ್ ಒಬ್ಬನಿಂದಲೇ ಎಂದು ಇಲ್ಲಿ ಯಾರೂ ಹೇಳುವುದಿಲ್ಲ.) ಇಷ್ಟು ಸಲ ಒಂದೇ ಭಾಗ ಬದಲಿಸಿದರೂ ಸದ್ದು ನಿಲ್ಲದಿದ್ದರೆ, ಸದ್ದು ಬೇರೆ ಕಡೆಯಿಂದಲೂ ಬರುತ್ತಿದೆ.

ಕೆಳಗಿನ ಪರೀಕ್ಷೆಗಳನ್ನು ಕೊಟ್ಟ ಕ್ರಮದಲ್ಲೇ ಮಾಡಿ. ಕೋಚ್ ಪರೀಕ್ಷೆಯನ್ನು ಬೇಕೆಂದೇ ಹಿಂದಕ್ಕೆ ಇಟ್ಟಿದೆ.

ಬೇಕಾದ ಸಾಮಾನು

ಒಂದು ನೋಟ್‌ಬುಕ್, ಪೆನ್ನು, ಹಿಂದಕ್ಕೆ ಓಡಿಸಿ ನೋಡಬಹುದಾದ ಪ್ರಸಾರ, ಮತ್ತು ಫೋಟ್‌ಮೋಬ್ ಅಥವಾ ಸೋಫಾಸ್ಕೋರ್‌ನಂಥ ಒಂದು ಆ್ಯಪ್. ಹಿಂದಿನ 10 ಲೀಗ್ ಪಂದ್ಯಗಳ ಲೆಕ್ಕ ಕೈಯಲ್ಲಿರಲಿ. ಮೂರು ಪಂದ್ಯ ನೋಡಿ ತೀರ್ಪು ಕೊಡುವುದು ಜಗಳಕ್ಕೆ ಸಾಕು, ತಪಾಸಣೆಗೆ ಸಾಲದು.

ಸಮಯದ ಬಗ್ಗೆ ಒಂದು ಮಾತು. ಇಂಗ್ಲೆಂಡಿನ ಶನಿವಾರ ಮಧ್ಯಾಹ್ನ 3ರ ಪಂದ್ಯ ನಮಗೆ ಬೇಸಿಗೆ ಗಡಿಯಾರದಲ್ಲಿ ಸಂಜೆ 7:30ಕ್ಕೆ, ಅಕ್ಟೋಬರ್ ಕೊನೆಯಿಂದ ಮಾರ್ಚ್ ಕೊನೆಯವರೆಗೆ 8:30ಕ್ಕೆ. ವಾರದ ನಡುವೆ ಅಲ್ಲಿ ರಾತ್ರಿ 8ಕ್ಕೆ ಶುರುವಾಗುವ ಪಂದ್ಯ ಚಳಿಗಾಲದಲ್ಲಿ ನಮಗೆ ನಸುಕಿನ 1:30. ಆ ಹೊತ್ತಿನಲ್ಲಿ ಅರೆನಿದ್ದೆಯಲ್ಲಿ ನೋಡಿದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಮರುದಿನ ರೀಪ್ಲೇ ನೋಡಿ. ಫಲಿತಾಂಶ ಗೊತ್ತಿದ್ದಾಗ ಕಣ್ಣು ಚೆಂಡಿನ ಹಿಂದೆ ಓಡುವುದಿಲ್ಲ, ಆಟಗಾರರು ನಿಂತ ಜಾಗ ಕಾಣುತ್ತದೆ.

ಬೆಂಗಳೂರು ಎಫ್‌ಸಿ ಪಂದ್ಯಕ್ಕೆ ರೈಲು ಹತ್ತಿ ಕಂಠೀರವಕ್ಕೇ ಹೋಗುವವರು ಮೇಲಿನ ಸಾಲಿನ ಟಿಕೆಟ್ ತೆಗೆದುಕೊಳ್ಳಿ. ಮೈದಾನದ ಸುತ್ತ ಓಟದ ಟ್ರ್ಯಾಕ್ ಇರುವುದರಿಂದ ಕೆಳಗಿನ ಸಾಲಿನಲ್ಲಿ ಕೂತರೆ ದೂರದ ಅರ್ಧ ಚಪ್ಪಟೆಯಾಗಿ ಕಾಣುತ್ತದೆ. ಕೂಗಿ ಗಂಟಲು ಹರಿದುಕೊಳ್ಳಬೇಕೆಂದರೆ ಅಭಿಮಾನಿಗಳ ಗುಂಪು ಸೇರುವ ವೆಸ್ಟ್ ಬ್ಲಾಕ್‌ಗೆ ಸಮನಾದದ್ದಿಲ್ಲ, ಅದು ಬೇರೆ ಕೆಲಸ.

ಪರೀಕ್ಷೆ 1: ಇದು ದೋಷವೋ, ಗ್ರಹಚಾರವೋ?

ಇದನ್ನು ಬಿಟ್ಟು ಮುಂದೆ ಹೋದವರೇ ಹೆಚ್ಚು ಎಡವುವುದು. ಫುಟ್‌ಬಾಲಿನಲ್ಲಿ ಗೋಲು ಕಡಿಮೆ, ಹಾಗಾಗಿ ಅದೃಷ್ಟದ ಪಾಲು ಜಾಸ್ತಿ. ಅದನ್ನು ಬೇರ್ಪಡಿಸಲು ಎಕ್ಸ್‌ಜಿ, ಅಂದರೆ ನಿರೀಕ್ಷಿತ ಗೋಲು ಎಂಬ ಲೆಕ್ಕ ಇದೆ. ಪ್ರತಿ ಹೊಡೆತಕ್ಕೂ ಅದು ಎಲ್ಲಿಂದ, ಯಾವ ಕೋನದಲ್ಲಿ, ಕಾಲಿನಿಂದಲೋ ತಲೆಯಿಂದಲೋ ಬಂತು ಎಂಬುದನ್ನು ನೋಡಿ 0ರಿಂದ 1ರೊಳಗೆ ಒಂದು ಬೆಲೆ ಕಟ್ಟುತ್ತಾರೆ. ಪೆನಾಲ್ಟಿಗೆ ಸುಮಾರು 0.78. ಸರಾಸರಿ ಹೊಡೆತಕ್ಕೆ 0.1ರ ಆಸುಪಾಸು. 25 ಮೀಟರ್ ಆಚೆಯಿಂದ ಹೊಡೆದದ್ದಕ್ಕೆ 0.03ರಷ್ಟು, ಜನ ಎದ್ದು ನಿಲ್ಲುತ್ತಾರೆ, ಚೆಂಡು ಗ್ಯಾಲರಿಗೆ ಹೋಗುತ್ತದೆ.

ಮಾಡಬೇಕಾದ್ದು ಇಷ್ಟೆ. 10 ಪಂದ್ಯಗಳಲ್ಲಿ ನಮ್ಮ ಎಕ್ಸ್‌ಜಿ ಕೂಡಿಸಿ, ಎದುರಾಳಿಗಳದ್ದೂ ಕೂಡಿಸಿ. ಪಕ್ಕದಲ್ಲಿ ನಿಜವಾಗಿ ಆದ ಗೋಲು ಬರೆಯಿರಿ. ಪೆನಾಲ್ಟಿಗಳನ್ನು ಬೇರೆ ಇಡಿ, ಎರಡು ಪೆನಾಲ್ಟಿ ಸಾಕು ಒಂದು ಪಂದ್ಯದ ಚಿತ್ರ ಕೆಡಿಸಲು.

ನಮ್ಮದು 15, ಅವರದು 11, ಆದರೆ ಗೋಲು 9–14 ಎಂದು ಬಂದರೆ ಯಂತ್ರ ಓಡುತ್ತಿದೆ. ಸ್ಟ್ರೈಕರ್ ಎಡವುತ್ತಿದ್ದಾನೆ, ಇಲ್ಲವೇ ಕೀಪರ್ ಬಿಡುತ್ತಿದ್ದಾನೆ, ಇಲ್ಲವೇ ಬರೀ ಗ್ರಹಚಾರ. ಇಲ್ಲಿ ಕೋಚ್ ತೆಗೆಯುವುದು ತಪ್ಪು ಚಿಕಿತ್ಸೆ. ನಮ್ಮದು 9, ಅವರದು 16 ಎಂದು ಬಂದರೆ ದೋಷ ನಿಜ. ಪರೀಕ್ಷೆ 2ಕ್ಕೆ ಹೋಗಿ. ನಮ್ಮದು 9, ಅವರದು 16 ಇದ್ದೂ ತಂಡ ಗೆಲ್ಲುತ್ತಿದ್ದರೆ ಈಗಲೇ ಎಚ್ಚರಾಗಿ, ಯಾಕೆಂದರೆ ಆ ಸಾಲ ಸಾಮಾನ್ಯವಾಗಿ ಮುಂದಿನ ತಿಂಗಳುಗಳಲ್ಲಿ ವಸೂಲಾಗುತ್ತದೆ.

ಉದಾಹರಣೆ ಬೇಕೆಂದರೆ 2014–15ರ ಬೊರೂಸಿಯಾ ಡಾರ್ಟ್‌ಮುಂಡ್. ಅರ್ಧ ಋತುವಿಗೆ 17 ಪಂದ್ಯ, 15 ಅಂಕ, 17ನೇ ಸ್ಥಾನ. ಫೆಬ್ರವರಿಯಲ್ಲಿ ಕಟ್ಟಕಡೆಯ 18ನೇ ಸ್ಥಾನಕ್ಕೂ ಇಳಿದರು. ಎಕ್ಸ್‌ಜಿ ನೋಡುವವರು ಮಾತ್ರ ಈ ತಂಡ ಇಷ್ಟು ಕೆಟ್ಟದ್ದಲ್ಲ ಎನ್ನುತ್ತಲೇ ಇದ್ದರು. ಕೋಚ್ ಯುರ್ಗನ್ ಕ್ಲಾಪ್‌ರನ್ನು ಋತುವಿನ ನಡುವೆ ತೆಗೆಯಲಿಲ್ಲ. ಉಳಿದ 17 ಪಂದ್ಯಗಳಲ್ಲಿ 31 ಅಂಕ ಬಂತು, 7ನೇ ಸ್ಥಾನಕ್ಕೆ ಮುಗಿಸಿದರು.

ಪರೀಕ್ಷೆ 2: ಗೋಲು ಎಲ್ಲಿಂದ ಬಿತ್ತು?

ಗೋಲು ಬಿದ್ದ ಕೂಡಲೇ ಕ್ಯಾಮೆರಾ ತಲೆ ತಗ್ಗಿಸಿದ ಕೀಪರ್‌ನನ್ನೋ, ಕೈ ಚೆಲ್ಲಿದ ಕೋಚ್‌ನನ್ನೋ ತೋರಿಸುತ್ತದೆ. ಅದನ್ನು ಬಿಡಿ. ಪ್ರಸಾರವನ್ನು ಗೋಲಿಗೆ 15 ಸೆಕೆಂಡ್ ಹಿಂದಕ್ಕೆ ಒಯ್ದು, ನಮ್ಮವರು ಚೆಂಡು ಕಳೆದುಕೊಂಡ ಕ್ಷಣದಲ್ಲಿ ನಿಲ್ಲಿಸಿ. ದುಗ್ಗಮ್ಮನ ಜಾತ್ರೆಯ ಕುಸ್ತಿಯಲ್ಲಿ ಹಳಬರು ಬೆನ್ನು ಮಣ್ಣಿಗೆ ತಾಗಿದ್ದನ್ನು ನೋಡುವುದಿಲ್ಲ, ಅದಕ್ಕೂ ಮೊದಲು ಕಾಲು ಎಲ್ಲಿ ಸಡಿಲವಾಯಿತು ಎಂದು ನೋಡುತ್ತಾರೆ, ಕೆಲಸ ಅದೇ. 10 ಪಂದ್ಯಗಳಲ್ಲಿ ಬಿದ್ದ ಪ್ರತಿ ಗೋಲನ್ನೂ ಹೀಗೆ ನೋಡಿ ಕೆಳಗಿನ ಒಂದು ಗುಂಪಿಗೆ ಹಾಕಿ. ಅರ್ಧದಷ್ಟು ಗೋಲು ಒಂದೇ ಗುಂಪಿಗೆ ಬಿದ್ದರೆ ದೋಷ ಸಿಕ್ಕಂತೆ.

ಲಕ್ಷಣ: ಚೆಂಡು ಕಳೆದ ಹತ್ತು ಸೆಕೆಂಡಿನಲ್ಲಿ ಗೋಲು

ಈಗಿನ ಕಾಲದಲ್ಲಿ ಅತಿ ಹೆಚ್ಚು ಕಾಣುವ ದೋಷ ಇದು. ದಾಳಿಗೆ ಹೋದಾಗ ಹಿಂದೆ ಯಾರೂ ಉಳಿದಿಲ್ಲ, ಅಥವಾ ಉಳಿದವರು ತಪ್ಪು ಜಾಗದಲ್ಲಿದ್ದಾರೆ.

ನಿಲ್ಲಿಸಿದ ಚಿತ್ರದಲ್ಲಿ ಚೆಂಡಿಗೂ ನಮ್ಮ ಗೋಲಿಗೂ ನಡುವೆ ನಮ್ಮವರು ಎಷ್ಟು ಜನ ಎಂದು ಎಣಿಸಿ. ಐದು ಇದ್ದರೆ ಸರಿ: ಹಿಂದೆ ಮೂವರು, ಅವರ ಮುಂದೆ ಇಬ್ಬರು, ಅಥವಾ ಇಬ್ಬರು ಮತ್ತು ಮೂವರು. ನಾಲ್ಕಿದ್ದರೆ ಅಪಾಯ. ಮೂರಿದ್ದರೆ ಕೋಚ್ ಜೂಜಾಡುತ್ತಿದ್ದಾನೆ. ಐದು ಜನ ಇದ್ದೂ ಗೋಲು ಬಿದ್ದಿದ್ದರೆ ಅವರ ನಡುವಿನ ಅಂತರ ನೋಡಿ. ನಡುವಿನ ಇಬ್ಬರು ಮಿಡ್‌ಫೀಲ್ಡರ್‌ಗಳ ಮಧ್ಯೆ ಪೆನಾಲ್ಟಿ ಬಾಕ್ಸ್‌ನ ಆಳದಷ್ಟು, ಅಂದರೆ 16.5 ಮೀಟರ್ ಖಾಲಿ ಬಿದ್ದಿದ್ದರೆ ಎದುರಾಳಿ ಅಲ್ಲಿಂದಲೇ ನಡೆದು ಬರುತ್ತಾನೆ.

ಮೈದಾನದ ಗೆರೆಗಳೇ ನಿಮ್ಮ ಟೇಪು. 105 ಮೀಟರ್ ಉದ್ದದ ಮೈದಾನದಲ್ಲಿ ನಡುಗೆರೆಯಿಂದ ಬಾಕ್ಸ್ ಅಂಚಿಗೆ 36 ಮೀಟರ್. ಚೆಂಡು ಎದುರಾಳಿಯ ಬಳಿ ಇದ್ದಾಗ ನಮ್ಮ ಮುಂದಿನ ಸ್ಟ್ರೈಕರ್‌ನಿಂದ ಹಿಂದಿನ ಡಿಫೆಂಡರ್‌ವರೆಗೆ ಇಷ್ಟೇ ಅಂತರ ಇದ್ದರೆ ತಂಡ ಗಟ್ಟಿಯಾಗಿದೆ. 50 ದಾಟಿದರೆ ಮುಂದಿನವರು ಪ್ರೆಸ್ ಮಾಡುತ್ತಿದ್ದಾರೆ, ಅಂದರೆ ಚೆಂಡು ಇದ್ದವನ ಮೇಲೆ ಮುಗಿಬೀಳುತ್ತಿದ್ದಾರೆ, ಹಿಂದಿನವರು ಹೆದರಿ ಕೆಳಗೆ ಕೂತಿದ್ದಾರೆ. ಒಂದೇ ತಂಡದಲ್ಲಿ ಎರಡು ಯೋಜನೆ. ಇದು ತರಬೇತಿಯ ದೋಷ, ಆಟಗಾರನೊಬ್ಬನ ತಲೆಗೆ ಕಟ್ಟಬೇಡಿ.

ಪ್ರೆಸ್ಸಿಂಗ್ ಇದೆಯೋ ಇಲ್ಲವೋ ತಿಳಿಯಲು ಇನ್ನೊಂದು ಸುಲಭ ಎಣಿಕೆ: ಎದುರಾಳಿ ತನ್ನ ಅರ್ಧದಲ್ಲಿ ನಮ್ಮವರ ಒಂದು ಟ್ಯಾಕಲ್, ಇಲ್ಲವೇ ಪಾಸ್ ತಡೆ, ಇಲ್ಲವೇ ಫೌಲ್ ಬೀಳುವ ಮೊದಲು ಎಷ್ಟು ಪಾಸ್ ಕೊಡುತ್ತಾನೆ? 8–10 ಆದರೆ ಪ್ರೆಸ್ ನಡೆಯುತ್ತಿದೆ. 15 ಮೇಲಾದರೆ ಕೋಚ್ ಪತ್ರಿಕಾಗೋಷ್ಠಿಯಲ್ಲಿ ಏನೇ ಹೇಳಲಿ, ಪ್ರೆಸ್ ಇಲ್ಲ.

ಅಮೋರಿಮ್ ತಂದ 3-4-2-1ರ ಮೇಲೆ ಯುನೈಟೆಡ್ ಅಭಿಮಾನಿಗಳು ಹಲ್ಲು ಕಡಿದದ್ದು ಈ ಕಾರಣಕ್ಕೇ. ನಾಲ್ವರ ಸಾಲಿನ ಎರಡು ತುದಿಗೆ ವಿಂಗ್ ಬ್ಯಾಕ್‌ಗಳು ಹೋದರೆ ನಡುವೆ ಇಬ್ಬರೇ, ಎದುರಾಳಿ ಮೂವರನ್ನು ಇಟ್ಟರೆ ಒಬ್ಬ ಸದಾ ಬಿಡುವಾಗಿರುತ್ತಾನೆ. ಅವನನ್ನು ಹಿಡಿಯಲು ಸ್ಟ್ರೈಕರ್ ಹಿಂದೆ ಆಡುವ ಇಬ್ಬರು 'ಹತ್ತು'ಗಳಲ್ಲಿ ಒಬ್ಬ ಕೆಳಗಿಳಿಯಬೇಕು, ಇಲ್ಲವೇ ಸೆಂಟರ್ ಬ್ಯಾಕ್ ಒಬ್ಬ ಮೇಲೆ ಹೋಗಬೇಕು. ವಿಂಗ್ ಬ್ಯಾಕ್‌ಗಳು ಮುಂದೆ ಹೋಗಿದ್ದರೆ ಅವರ ಬೆನ್ನ ಹಿಂದೆ ಎರಡೂ ಕಡೆ ಖಾಲಿ. 2024–25ರಲ್ಲಿ ಅವರ ಕೈಕೆಳಗೆ 27 ಲೀಗ್ ಪಂದ್ಯ, 27 ಅಂಕ. ಆದರೆ 3-4-2-1 ತಾನೇ ರೋಗವಲ್ಲ, ಅದೇ ಆಕಾರದಲ್ಲಿ ಅಮೋರಿಮ್ ಸ್ಪೋರ್ಟಿಂಗ್ ಲಿಸ್ಬನ್‌ನೊಂದಿಗೆ ಪ್ರಶಸ್ತಿ ಗೆದ್ದವರು. ಓಡಿ ಬರಬಲ್ಲ ವಿಂಗ್ ಬ್ಯಾಕ್, ಎರಡು ಜನರ ಜಾಗ ಕಾಯಬಲ್ಲ ಮಿಡ್‌ಫೀಲ್ಡರ್ ಇಲ್ಲದ ತಂಡದ ಮೇಲೆ, ಋತುವಿನ ನಡುವೆ, ತಯಾರಿಯ ವಾರಗಳೇ ಇಲ್ಲದೆ ಅದನ್ನು ಹೊರಿಸಿದ್ದು ತೊಡಕು. ಅದರಲ್ಲಿ ಅರ್ಧ ಪಾಲು ಕೋಚ್‌ನದ್ದು, ಅರ್ಧ ಅವರನ್ನು ನವೆಂಬರ್‌ನಲ್ಲಿ ಕರೆತಂದವರದ್ದು.

ನಡುವಿನ ಒಬ್ಬನೇ ಹೋದರೆ ಏನಾಗುತ್ತದೆ ಎಂಬುದಕ್ಕೆ ಲೆಸ್ಟರ್ ಸಿಟಿ ಇದೆ. 2015–16ರಲ್ಲಿ 81 ಅಂಕಗಳೊಂದಿಗೆ ಚಾಂಪಿಯನ್. ಆ ಬೇಸಿಗೆಯಲ್ಲಿ ಎನ್‌ಗೋಲೊ ಕಾಂಟೆ ಚೆಲ್ಸಿಗೆ ಹೋದ. ಮುಂದಿನ ವರ್ಷ ಲೆಸ್ಟರ್ 12ನೇ ಸ್ಥಾನ, ಚೆಲ್ಸಿ ಚಾಂಪಿಯನ್. ತೆಗೆದುಹಾಕಿದ್ದು ಮಾತ್ರ ಕೋಚ್ ರಾನಿಯೆರಿಯನ್ನು, 2017ರ ಫೆಬ್ರವರಿ 23ರಂದು.

ಲಕ್ಷಣ: ಚೆಂಡು ನಮ್ಮದೇ, ಗೋಲು ಅವರದು

65 ಪ್ರತಿಶತ ಸ್ವಾಧೀನ, 18 ಹೊಡೆತ, ಸೊನ್ನೆ ಗೋಲು. ಹೊಡೆತದ ನಕ್ಷೆ ತೆರೆಯಿರಿ. ಚುಕ್ಕೆಗಳು ಬಾಕ್ಸ್‌ನ ಹೊರಗೆ ಅರ್ಧಚಂದ್ರಾಕಾರದಲ್ಲಿ ಹರಡಿದ್ದರೆ ಎದುರಾಳಿ ನಿಮ್ಮನ್ನು ಹೊರಗೇ ನಿಲ್ಲಿಸಿದ್ದಾನೆ ಎಂದರ್ಥ. ನಂತರ ಕ್ರಾಸ್, ಅಂದರೆ ಬದಿಯಿಂದ ಬಾಕ್ಸ್ ಒಳಗೆ ಹಾಕುವ ಚೆಂಡು, ಎಣಿಸಿ. ಪಂದ್ಯಕ್ಕೆ 15–20 ಸಹಜ; 35 ದಾಟಿದರೆ ತಂಡಕ್ಕೆ ಬೇರೆ ದಾರಿ ಗೊತ್ತಿಲ್ಲ. 2014ರ ಫೆಬ್ರವರಿ 9ರಂದು ಮೊಯೆಸ್ ಅವರ ಯುನೈಟೆಡ್ ಕೊನೆಯ ಸ್ಥಾನದ ಫುಲ್‌ಹ್ಯಾಮ್ ವಿರುದ್ಧ 80ಕ್ಕೂ ಹೆಚ್ಚು ಕ್ರಾಸ್ ಹಾಕಿತು, ಪಂದ್ಯ 2–2. ಏಪ್ರಿಲ್‌ನಲ್ಲಿ ಮೊಯೆಸ್ ಹೋದರು. ಇಲ್ಲಿ ಕೋಚ್ ಮೇಲಿನ ದೂರು ನ್ಯಾಯವೇ, ಯಾಕೆಂದರೆ ಮೊದಲ ಮೂವತ್ತು ಕ್ರಾಸ್ ಫಲಿಸದಾಗಲೇ ಬೇರೆ ದಾರಿ ಕೊಡಬೇಕಾದವನು ಅವನು.

ಪರಿಹಾರ ಇದ್ದೇ ಇದೆ: ಗೋಲು ಕಂಬಗಳಿರುವ ಗೆರೆ, ಅಂದರೆ ಬೈಲೈನ್‌ನಿಂದ ಹಿಂದಕ್ಕೆ ನೆಲದ ಮೇಲೆ ಎಳೆದುಕೊಡುವ ಪಾಸು, ಎದುರಾಳಿಯ ಎರಡು ಸಾಲಿನ ನಡುವೆ ನಿಲ್ಲುವ ಆಟಗಾರ, ಚೆಂಡಿಲ್ಲದೆ ಬೆನ್ನ ಹಿಂದೆ ಓಡುವ ವಿಂಗರ್. ಮೂರರಲ್ಲಿ ಒಂದೂ 10 ಪಂದ್ಯದಲ್ಲಿ ಕಾಣದಿದ್ದರೆ ತರಬೇತಿಯಲ್ಲಿ ಅದು ನಡೆಯುತ್ತಿಲ್ಲ.

ನಮ್ಮ ಇಂಡಿಯನ್ ಸೂಪರ್ ಲೀಗ್, ಅಂದರೆ ಐಎಸ್‌ಎಲ್‌ನಲ್ಲಿ ಒಂದು ವಿಶೇಷ ಕಾರಣ ಸೇರುತ್ತದೆ. ಮೈದಾನದಲ್ಲಿ ಒಮ್ಮೆಗೆ ನಾಲ್ಕೇ ವಿದೇಶಿಯರು. ಆ ನಾಲ್ವರನ್ನು ಎಲ್ಲಿ ಹಾಕಿದ್ದಾರೆ ನೋಡಿ. ಇಬ್ಬರು ಮುಂದೆ, ಇಬ್ಬರು ಹಿಂದೆ ಹೋಗಿ ನಡುವೆ ಯಾರೂ ಇಲ್ಲದಿದ್ದರೆ ಚೆಂಡು ಉದ್ದ ಹಾರಿ ಬರುತ್ತದೆ, ಬಂದ ದಾರಿಯಲ್ಲೇ ವಾಪಸ್ ಹೋಗುತ್ತದೆ.

ಲಕ್ಷಣ: ಕಾರ್ನರ್‌ನಲ್ಲಿ ಗೋಲು

ಇದು ಅಗ್ಗದಲ್ಲಿ ರಿಪೇರಿಯಾಗುವ ದೋಷ. ನೂರು ಕಾರ್ನರ್‌ಗೆ ಮೂರು ನಾಲ್ಕು ಗೋಲು ಬೀಳುವುದು ರೂಢಿ. ಪಂದ್ಯಕ್ಕೆ ಐದು ಕಾರ್ನರ್ ಎಂದರೆ 10 ಪಂದ್ಯಕ್ಕೆ ಎರಡು ಗೋಲು ಸಹಜ. ನಾಲ್ಕೈದಾದರೆ ಯಾರು ಯಾರನ್ನು ಹಿಡಿಯಬೇಕೆಂಬುದೇ ಇತ್ಯರ್ಥವಾಗಿಲ್ಲ. ಹತ್ತಿರದ ಕಂಬದ ಬಳಿ ಮೊದಲ ಸ್ಪರ್ಶ ಯಾರದು ಎಂದಷ್ಟೇ ನೋಡಿದರೂ ಅರ್ಧ ಉತ್ತರ ಸಿಗುತ್ತದೆ. ಇದಕ್ಕೆಂದೇ ಒಬ್ಬ ತಜ್ಞನನ್ನು ಇಟ್ಟುಕೊಂಡರೆ ಸಾಕು. ಆರ್ಸೆನಲ್ ನಿಕೋಲಾ ಜೋವರ್ ಎಂಬ ಸೆಟ್ ಪೀಸ್ (ಕಾರ್ನರ್, ಫ್ರೀ ಕಿಕ್) ಕೋಚ್ ಇಟ್ಟುಕೊಂಡು 2023–24ರ ಲೀಗ್‌ನಲ್ಲಿ ಕಾರ್ನರ್‌ನಿಂದಲೇ 16 ಗೋಲು ಹೊಡೆಯಿತು.

ಲಕ್ಷಣ: 75ನೇ ನಿಮಿಷದ ನಂತರ ಕುಸಿತ

ಕೊನೆಯ ಕಾಲು ಗಂಟೆ ಮತ್ತು ಹೆಚ್ಚುವರಿ ನಿಮಿಷಗಳಲ್ಲಿ ಗೋಲು ಹೆಚ್ಚು ಬೀಳುವುದು ಎಲ್ಲ ಕಡೆ ಇದ್ದದ್ದೇ, ಒಟ್ಟು ಗೋಲಿನ ಕಾಲು ಭಾಗದಷ್ಟು. ನಿಮ್ಮ ಲೆಕ್ಕದಲ್ಲಿ ಅದು ಶೇ 40 ದಾಟಿದರೆ ಮಾತ್ರ ಚಿಂತೆ. ಆಗ ಗಾಯಾಳುಗಳ ಪಟ್ಟಿ ತೆಗೆಯಿರಿ. ಯಾರ ಕಾಲೋ ಮುರಿದದ್ದು ದುರದೃಷ್ಟ. ತೊಡೆಯ ಹಿಂಭಾಗದ ಸ್ನಾಯು, ಹ್ಯಾಮ್‌ಸ್ಟ್ರಿಂಗ್, ಒಬ್ಬರ ಮೇಲೊಬ್ಬರಿಗೆ ಹರಿಯುತ್ತಿದ್ದರೆ ಓಟದ ಹೊರೆ, ಪಂದ್ಯಗಳ ನಡುವಿನ ಬಿಡುವು, ಬದಲಿ ಆಟಗಾರರ ಬಳಕೆ ಮೂರನ್ನೂ ಅನುಮಾನಿಸಬೇಕು.

ಟಾಟನ್‌ಹ್ಯಾಮ್‌ನ 2024–25 ಇದಕ್ಕೆ ಪಾಠದಂಥ ಪ್ರಕರಣ. 64 ಗೋಲು ಹೊಡೆದರು, 65 ಬಿಟ್ಟರು, 22 ಪಂದ್ಯ ಸೋತರು, 38 ಅಂಕ, 17ನೇ ಸ್ಥಾನ. ಕೋಚ್ ಪೋಸ್ಟೆಕೊಗ್ಲು ಅವರ ಡಿಫೆನ್ಸ್ ಸಾಲು ನಡುಗೆರೆಯ ತನಕ ಮೇಲೆ ನಿಲ್ಲುತ್ತಿತ್ತು. ಬೆನ್ನ ಹಿಂದಿನ ಜಾಗ ಕಾಯಲು ವಾನ್ ಡಿ ವೆನ್‌ನಷ್ಟು ವೇಗದವನು ಬೇಕು. ಆ ಚಳಿಗಾಲ ಅವನೂ ಇಲ್ಲ, ಜೊತೆಯ ಡಿಫೆಂಡರ್ ರೊಮೆರೊನೂ ಇಲ್ಲ, ಕೀಪರ್ ವಿಕಾರಿಯೊನೂ ಇಲ್ಲ. 18 ವರ್ಷದ ಮಿಡ್‌ಫೀಲ್ಡರ್ ಆರ್ಚಿ ಗ್ರೇ ಸೆಂಟರ್ ಬ್ಯಾಕ್ ಆಡಿದ. ಸಾಲು ಮಾತ್ರ ಕೆಳಗಿಳಿಯಲಿಲ್ಲ. ಆಟಗಾರ ಇಲ್ಲದ್ದು ಕೋಚ್ ತಪ್ಪಲ್ಲ, ಇಲ್ಲ ಎಂದು ಗೊತ್ತಿದ್ದೂ ಇದ್ದಂತೆಯೇ ಆಡಿಸಿದ್ದು ಅವನದೇ. ಅದೇ ಕೋಚ್ 2025ರ ಮೇ 21ರಂದು ಬಿಲ್ಬಾವೊದಲ್ಲಿ ಸಾಲನ್ನು ಕೆಳಗಿಳಿಸಿ, ಯುನೈಟೆಡ್ ವಿರುದ್ಧ 1–0 ಗೆದ್ದು ಯುರೋಪಾ ಲೀಗ್ ಎತ್ತಿದರು; ಎರಡು ವಾರ ಕಳೆದು ಕೆಲಸ ಕಳೆದುಕೊಂಡರು. 15ನೆಯವರೂ 17ನೆಯವರೂ ಸೇರಿ ಯುರೋಪಿನ ಫೈನಲ್ ಆಡಿದ ವರ್ಷ ಅದು. ಅಂಕಪಟ್ಟಿ ಒಂದನ್ನೇ ನಂಬುವವರು ಅದನ್ನು ನೆನಪಿಡಿ.

ಪರೀಕ್ಷೆ 3: ಈಗ ಕೋಚ್

ಇಲ್ಲಿಗೆ ಬರುವ ಹೊತ್ತಿಗೆ ದೋಷದ ಜಾಗ ಗೊತ್ತಾಗಿರುತ್ತದೆ. ಕೇಳಬೇಕಾದ್ದು: ದೋಷ ಅವನಿಗೆ ಕಾಣುತ್ತಿದೆಯೇ, ಕಂಡ ಮೇಲೆ ಏನಾದರೂ ಮಾಡುತ್ತಿದ್ದಾನೆಯೇ?

ಬದಲಿ ಆಟಗಾರರ ಸಮಯ ಬರೆದಿಡಿ. ಐದು ಬದಲಾವಣೆಗೆ ಅವಕಾಶ, ವಿರಾಮ ಬಿಟ್ಟರೆ ಮೂರು ಸಲ ಆಟ ನಿಲ್ಲಿಸಬಹುದು. 0–1 ಹಿಂದಿದ್ದೂ ಮೊದಲ ಬದಲಾವಣೆ 70 ದಾಟಿದ ಮೇಲೆ, ಅದೂ ವಿಂಗರ್‌ಗೆ ವಿಂಗರ್ ಎಂದರೆ ಅವನು ಆಟ ಬದಲಿಸುತ್ತಿಲ್ಲ, ದಣಿದ ಕಾಲು ಬದಲಿಸುತ್ತಿದ್ದಾನೆ. ಎರಡನೇ ಅರ್ಧದ ಮೊದಲ 15 ನಿಮಿಷವನ್ನೂ ಬೇರೆ ನೋಡಿ. ವಿರಾಮದಲ್ಲಿ ಕೋಚ್‌ಗೆ ಸಿಗುವ 15 ನಿಮಿಷದ ಫಲ ಕಾಣಬೇಕಾದದ್ದು ಅಲ್ಲೇ.

ಸರಿಯಾದ ಕೋಚ್ ಹೇಗಿರುತ್ತಾನೆ ಎಂದು ನೋಡಲು 2016ರ ಚೆಲ್ಸಿ. ಸೆಪ್ಟೆಂಬರ್ 24ರಂದು ಆರ್ಸೆನಲ್ ಎದುರು 0–3. ಕೋಚ್ ಕೊಂಟೆ ಮುಂದಿನ ಪಂದ್ಯದಿಂದಲೇ 3-4-3ಕ್ಕೆ ಹೋದರು, ಆಸ್ಪಿಲಿಕ್ವೆಟಾನನ್ನು ಮೂವರಲ್ಲಿ ಒಬ್ಬನಾಗಿಸಿ, ಮರೆತುಹೋಗಿದ್ದ ವಿಕ್ಟರ್ ಮೋಸೆಸ್‌ನನ್ನು ವಿಂಗ್ ಬ್ಯಾಕ್ ಮಾಡಿದರು. ಸತತ 13 ಲೀಗ್ ಗೆಲುವು, ಕೊನೆಗೆ 93 ಅಂಕ, ಪ್ರಶಸ್ತಿ. ಹೊಸ ಆಟಗಾರನನ್ನು ತಂದು ಅಲ್ಲ, ಇದ್ದವರ ಜಾಗ ಬದಲಿಸಿ.

ಪರೀಕ್ಷೆ 4: ಕೋಚ್‌ಗಿಂತ ಮೇಲೆ

ತಂಡದ ಹನ್ನೊಂದು ಜನರನ್ನು ಯಾವ ಕೋಚ್ ಕಾಲದಲ್ಲಿ ಕೊಂಡರು ಎಂದು ಪ್ರತಿ ಹೆಸರಿನ ಮುಂದೆ ಬರೆಯಿರಿ. ಮೂರ್ನಾಲ್ಕು ಕೋಚ್‌ಗಳ ಹೆಸರು ಬಂದರೆ, ಪ್ರತಿಯೊಬ್ಬನೂ ಬೇರೆ ಆಟಕ್ಕೆ ಬೇರೆ ಸರಕು ತರಿಸಿದ್ದಾನೆ ಎಂದಾಯಿತು. ಅಲ್ಲಿ ದೋಷ ಆಯ್ಕೆ ಮಾಡುವವರದ್ದು, ಮಾಲೀಕರದ್ದು. ಹೊಸ ಕೋಚ್ ಬಂದು ಮಾಡಬಲ್ಲದ್ದು ಅಷ್ಟಕ್ಕಷ್ಟೆ.

ನಮ್ಮ ಕಡೆ ಇನ್ನೂ ಒಂದು ಮಹಡಿ ಮೇಲಿದೆ. 2025ರಲ್ಲಿ ಭಾರತದ ಫುಟ್‌ಬಾಲ್ ಒಕ್ಕೂಟ ಎಐಎಫ್‌ಎಫ್ ಮತ್ತು ಲೀಗ್ ನಡೆಸುತ್ತಿದ್ದ ಕಂಪನಿ ಎಫ್‌ಎಸ್‌ಡಿಎಲ್ ನಡುವಿನ ಒಪ್ಪಂದ ಮುಂದುವರಿಯದೆ ಐಎಸ್‌ಎಲ್ ಋತುವೇ ತಡವಾಯಿತು. ಲೀಗ್ ಯಾವಾಗ ಎಂದೇ ತಿಳಿಯದ ಕ್ಲಬ್‌ನ ಕೋಚ್ ಯಾವ ತಯಾರಿ ಮಾಡಿಸಬೇಕು? ಈ ಮಹಡಿಯ ದೋಷಕ್ಕೆ ಗ್ಯಾಲರಿಯಿಂದ ಕೂಗಿದರೂ ರಿಪೇರಿ ಆಗುವುದಿಲ್ಲ.

ಕೋಚ್ ಬದಲಾದ ಮೇಲೆ

ಮೊದಲ ಐದು ಪಂದ್ಯದ ಗೆಲುವಿಗೆ ಪಟಾಕಿ ಹಚ್ಚಬೇಡಿ. ಕೋಚ್‌ನನ್ನು ತೆಗೆಯುವುದು ತಂಡ ತೀರಾ ತಳ ಮುಟ್ಟಿದಾಗ. ಅಲ್ಲಿಂದ ಯಾರಿದ್ದರೂ ಸ್ವಲ್ಪ ಮೇಲೇಳುವುದು ಸಹಜ. ರಾನಿಯೆರಿ ಹೋದ ಮೇಲೆ ಕ್ರೇಗ್ ಶೇಕ್ಸ್‌ಪಿಯರ್ ಕೈಯಲ್ಲಿ ಲೆಸ್ಟರ್ ಮೊದಲ ಐದು ಲೀಗ್ ಪಂದ್ಯ ಗೆದ್ದಿತು. ಮುಂದಿನ ಅಕ್ಟೋಬರ್‌ನಲ್ಲಿ ಅವರೂ ಹೋದರು. ಗೆಲುವಿನ ಬದಲು ಪರೀಕ್ಷೆ 1ರ ಎರಡು ಸಂಖ್ಯೆಗಳನ್ನು ಮತ್ತೆ ಹಾಕಿ, ಹಳೆಯ ಹತ್ತರ ಪಕ್ಕದಲ್ಲಿ ಬರೆಯಿರಿ.

ಸುಧಾರಣೆ ತಡವಾಗಿ ಬರುವುದೂ ಉಂಟು. ಬೆಂಗಳೂರು ಎಫ್‌ಸಿ 2023ರ ಡಿಸೆಂಬರ್‌ನಲ್ಲಿ ಸೈಮನ್ ಗ್ರೇಸನ್ ಬದಲು ಹೆರಾರ್ಡ್ ಸರಗೋಸ ಅವರನ್ನು ತಂದಿತು. ಆ ಋತು 12ರಲ್ಲಿ 10ನೇ ಸ್ಥಾನಕ್ಕೆ ಮುಗಿಯಿತು, ಮೆಜೆಸ್ಟಿಕ್‌ನಿಂದ ದಾವಣಗೆರೆ ಬಸ್ ಹತ್ತುವವರ ಬಾಯಲ್ಲಿ ಮತ್ತೆ ಅದೇ ಚೀಟಿ. ಕ್ಲಬ್ ತೆಗೆಯಲಿಲ್ಲ. ಪೂರ್ತಿ ತಯಾರಿ ಸಿಕ್ಕ 2024–25ರಲ್ಲಿ 3ನೇ ಸ್ಥಾನ. 40 ದಾಟಿದ ಸುನಿಲ್ ಛೆಟ್ರಿ 14 ಗೋಲು ಹೊಡೆದರು. ಏಪ್ರಿಲ್ 12ರಂದು ಕೋಲ್ಕತ್ತದ ಫೈನಲ್‌ನಲ್ಲಿ ಮೋಹನ್ ಬಾಗಾನ್ ಎದುರು ಹೆಚ್ಚುವರಿ ಸಮಯದಲ್ಲಿ 1–2.

ಹಾಗಾಗಿ ಋತುವಿನ ನಡುವೆ ಬಂದ ಕೋಚ್‌ನನ್ನು ಒಂದು ಪೂರ್ಣ ತಯಾರಿ ಶಿಬಿರ ಮುಗಿಯುವವರೆಗೆ ಎಕ್ಸ್‌ಜಿ ಅಂತರದಿಂದ ಮಾತ್ರ ಅಳೆಯಿರಿ, ಅಂಕದಿಂದ ಬೇಡ. ಶಿಬಿರ ಮುಗಿದ ಮೇಲೆ ಪ್ರೀಮಿಯರ್ ಲೀಗ್‌ನ 38 ಪಂದ್ಯದಲ್ಲಿ 10ಕ್ಕೆ, ಐಎಸ್‌ಎಲ್‌ನಂಥ ಚಿಕ್ಕ ಲೀಗ್‌ನಲ್ಲಿ 8ಕ್ಕೆ ಪರೀಕ್ಷೆ 1 ಮತ್ತೆ ಮಾಡಿ. ಆಗಲೂ ಎದುರಾಳಿಯ ಎಕ್ಸ್‌ಜಿ ನಮಗಿಂತ ಮೇಲಿದ್ದು, ಗೋಲು ಅದೇ ಗುಂಪಿನಲ್ಲಿ ಬೀಳುತ್ತಿದ್ದರೆ, ಆ ಚೀಟಿಗೆ ಸಹಿ ಹಾಕಬಹುದು.